ಬಳ್ಳಾರಿಯಲ್ಲಿದ್ದು ಬ್ಯಾಲೆ ಕಲಿಯುವುದು ಹೇಗೆ? ಕೈಯಲ್ಲಿ ಕಾಸು ಕಡಿಮೆ ಇರುವ ಯುವಜನರಿಗೆ ಸಮಗ್ರ ಮಾರ್ಗದರ್ಶಿ

ನಿಮಗೆ ಹದಿನೆಂಟು ದಾಟಿದೆ. ಕಾಲೇಜಿಗೆ ಹೋಗುತ್ತಿದ್ದೀರಿ, ಇಲ್ಲವೇ ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ. ಬ್ಯಾಲೆ ಕಲಿಯಬೇಕು ಅನ್ನುವ ಆಸೆ ಬಿಡುತ್ತಿಲ್ಲ. ಆದರೆ ಊರಲ್ಲಿ ಕಲಿಸುವವರಿಲ್ಲ, ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಒಂದೆರಡು ಸಾವಿರ. ಈ ಬರಹ ನಿಮಗಾಗಿ. ಬಳ್ಳಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೊಸಪೇಟೆ, ಕೊಪ್ಪಳ, ರಾಯಚೂರಿನವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಬ್ಯಾಲೆಯಲ್ಲಿ ದುಡ್ಡು ಕೊಟ್ಟೇ ಪಡೆಯಬೇಕಾದದ್ದು ಒಂದೇ, ಬಲ್ಲ ಗುರು ನಿಮ್ಮ ಮೈಯನ್ನು ನೋಡಿ ತಿದ್ದುವುದು. ಶೂ, ಬಟ್ಟೆ, ಕನ್ನಡಿ, ಹಿಡಿಯುವ ಬಾರ್, ಸಂಗೀತ, ಇವಕ್ಕೆಲ್ಲ ಅಗ್ಗದ ದಾರಿಗಳಿವೆ. ತಿದ್ದುವಿಕೆಗೆ ಮಾತ್ರ ಇಲ್ಲ. ಆದ್ದರಿಂದ ದಿನದಿನದ ಅಭ್ಯಾಸ ಮನೆಯಲ್ಲೇ ನಡೆಯಲಿ. ಉಳಿದ ದುಡ್ಡೆಲ್ಲ ಗುರುವಿನ ಕಡೆ ಹೋಗಲಿ.

ಮೊದಲು: ನಿಮಗೆ ಬೇಕಾದದ್ದು ಏನು?

ದೊಡ್ಡ ಬ್ಯಾಲೆ ಕಂಪನಿಗಳ ಕಲಾವಿದರು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲೇ ಪೂರ್ಣಾವಧಿ ಶಾಲೆ ಸೇರಿರುತ್ತಾರೆ. ಇಪ್ಪತ್ತಕ್ಕೆ ಶುರು ಮಾಡಿದವರು ಅಂಥ ಕಂಪನಿಯ ಮುಖ್ಯ ಪಾತ್ರಕ್ಕೆ ಬರುವುದು ತೀರಾ ಅಪರೂಪ. ಹುಡುಗಿಯರಿಗೆ ಇನ್ನೂ ಕಷ್ಟ. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ತರಬೇತಿಗೇ ಅವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ.

ಆದರೆ ತಡವಾಗಿ ಶುರು ಮಾಡಿ ಮುಂದೆ ಹೋದವರೂ ಇದ್ದಾರೆ. ಹೆಸರಾಂತ ಬ್ಯಾಲೆ ನರ್ತಕ ರುಡಾಲ್ಫ್ ನುರೇಯೆವ್ 1955ರಲ್ಲಿ ಲೆನಿನ್‌ಗ್ರಾಡ್‌ನ ಶಾಲೆ ಸೇರಿದಾಗ ಅವರಿಗೆ 17. ಅದಕ್ಕೂ ಮೊದಲು ಊರಿನಲ್ಲಿ ಜನಪದ ನೃತ್ಯ ಮಾಡಿದ್ದರು. ಮಿಸ್ಟಿ ಕೋಪ್‌ಲ್ಯಾಂಡ್ ಬಡತನದ ಮನೆಯಲ್ಲಿ ಬೆಳೆದವರು. 13ಕ್ಕೆ ಬ್ಯಾಲೆ ಶುರು ಮಾಡಿ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ಕಂಪನಿಯ ಪ್ರಿನ್ಸಿಪಲ್, ಅಂದರೆ ಮುಖ್ಯ ನರ್ತಕಿ ಆದರು. ನಮ್ಮ ದೇಶದವರೇ ಬೇಕೆಂದರೆ ದೆಹಲಿಯ ಕಮಲ್ ಸಿಂಗ್ ಇದ್ದಾರೆ. ತಂದೆ ಇ-ರಿಕ್ಷಾ ಓಡಿಸುತ್ತಿದ್ದರು. 17ಕ್ಕೆ ಕಲಿಯಲು ಶುರು ಮಾಡಿದ ಅವರು 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಯ ತರಬೇತಿಗೆ ಹೋದರು. ಶುಲ್ಕಕ್ಕೆ ಜನರಿಂದಲೇ ದೇಣಿಗೆ ಕೂಡಿತು. ಮುಂಬೈಯ ಟ್ಯಾಕ್ಸಿ ಚಾಲಕರ ಮಗ ಮನೀಶ್ ಚೌಹಾಣ್ ಕೂಡ ಇಪ್ಪತ್ತು ದಾಟಿದ ಮೇಲೆ ಬ್ಯಾಲೆ ಗುರು ಯೆಹೂದಾ ಮಾವೋರ್ ಅವರ ಬಳಿ ಬ್ಯಾಲೆ ಕಲಿತವರು. ಈ ಇಬ್ಬರಲ್ಲೂ ಒಂದು ವಿಷಯ ಗಮನಿಸಿ. ಅವರ ಪ್ರತಿಭೆಯನ್ನು ಗುರುತಿಸಿದ ಒಬ್ಬ ಗುರು ದಿನವೂ ಎದುರಿಗಿದ್ದರು.

ಕಂಪನಿ ಸೇರುವುದೊಂದೇ ಗುರಿಯಲ್ಲ. ಸಮಕಾಲೀನ ನೃತ್ಯ, ನೃತ್ಯ ಸಂಯೋಜನೆ, ನಾಟಕದಲ್ಲಿ ಚಲನೆ ಕಲಿಸುವುದು, ಮಕ್ಕಳಿಗೆ ಪಾಠ, ಇವಕ್ಕೆಲ್ಲ ಬ್ಯಾಲೆ ಗಟ್ಟಿ ಬುನಾದಿ ಕೊಡುತ್ತದೆ. ಸುಮ್ನೆ ನನಗಾಗಿ ಕಲಿಯುತ್ತೇನೆ ಅಂದರೂ ಅದು ಪೂರ್ತಿ ಸರಿಯಾದ ಕಾರಣವೇ. ಯಾವುದಾದರೂ ಸರಿ, ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಎಷ್ಟು ದುಡ್ಡು, ಎಷ್ಟು ಸಮಯ ಇಡಬೇಕು ಎನ್ನುವುದು ಅದರಿಂದಲೇ ತಿಳಿಯುತ್ತದೆ.

ಮನೆಯಲ್ಲಿ ಮಾತಾಡುವಾಗ ಓದನ್ನೋ ಕೆಲಸವನ್ನೋ ಬಿಡುತ್ತೇನೆ ಅನ್ನಬೇಡಿ, ಬಿಡುವ ಅಗತ್ಯವೂ ಇಲ್ಲ. ನಮ್ಮ ಬಳ್ಳಾರಿ ರಾಘವ ಅವರು ವಕೀಲಿ ಮಾಡುತ್ತಲೇ ರಂಗಭೂಮಿಯಲ್ಲಿ ಆ ಎತ್ತರಕ್ಕೆ ಏರಿದವರು. ಬೆಳಗಿನ ಒಂದು ಗಂಟೆ ನನ್ನದು, ತಿಂಗಳಿಗೆ ಇಷ್ಟು ರೂಪಾಯಿ ನನ್ನ ದುಡಿಮೆಯದು ಅಂತ ಲೆಕ್ಕ ಮುಂದಿಟ್ಟರೆ ಅಪ್ಪ ಅಮ್ಮ ಬೇಗ ಒಪ್ಪುತ್ತಾರೆ.

ನೆಲ ಸರಿ ಮಾಡಿಕೊಳ್ಳಿ

ನಮ್ಮ ಕಡೆಯ ಮನೆಗಳಲ್ಲಿ ಕಡಪ ಬಂಡೆ, ಶಹಾಬಾದ್ ಬಂಡೆ ಅಥವಾ ಗ್ರಾನೈಟ್ ಇರುತ್ತದೆ. ಬೇಸಿಗೆಗೆ ತಂಪು, ನಿಜ. ಆದರೆ ಬಂಡೆಯ ಮೇಲೆ ಹಾರಿ ಇಳಿದರೆ ಪೆಟ್ಟೆಲ್ಲ ಮಂಡಿಗೆ ಮತ್ತು ಮೊಣಕಾಲ ಕೆಳಗಿನ ಎಲುಬಿಗೆ ಬೀಳುತ್ತದೆ. ಮಾಳಿಗೆಯ ಸಿಮೆಂಟ್ ನೆಲವೂ ಅಷ್ಟೇ. ಬ್ಯಾಲೆ ಶಾಲೆಗಳಲ್ಲಿ ಮರದ ನೆಲದ ಅಡಿಯಲ್ಲಿ ಸ್ವಲ್ಪ ಪುಟಿಯುವ ಪದರ ಇರುತ್ತದೆ, ಅದರ ಮೇಲೆ ವಿನೈಲ್ ಹಾಸಿರುತ್ತಾರೆ.

ಮನೆಯಲ್ಲಿ ಅದರ ಬಡವನ ರೂಪ ಮಾಡಿಕೊಳ್ಳಬಹುದು. ಜಿಮ್‌ನಲ್ಲಿ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಗಟ್ಟಿ ಫೋಮ್ ಮ್ಯಾಟ್ ಕೆಳಗೆ ಹಾಸಿ. ಮೇಲೆ 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆ ಇಡಿ. 12 ಎಂ.ಎಂ. ದಪ್ಪಕ್ಕಿಂತ ತೆಳ್ಳಗಿನದು ಬೇಡ, ಬಾಗುತ್ತದೆ. ಮೆತ್ತನೆಯ ಹಾಸಿಗೆ ಫೋಮ್ ಕೂಡ ಬೇಡ, ಪಾದ ಹೊರಳುತ್ತದೆ. ಹೊಸ ಹಾಳೆ ದುಬಾರಿ ಅನ್ನಿಸಿದರೆ ಸೆಂಟ್ರಿಂಗ್ ಕೆಲಸದವರ ಹತ್ತಿರ, ಶಾಮಿಯಾನ ವೇದಿಕೆ ಹಾಕುವವರ ಹತ್ತಿರ ಹಳೆಯದನ್ನು ಕೇಳಿ. ಮೊಳೆ ಇದ್ದರೆ ಕಿತ್ತು, ಅಂಚು ಉಜ್ಜಿ, ಟೇಪ್ ಸುತ್ತಿ. ಅಭ್ಯಾಸ ಮುಗಿದ ಮೇಲೆ ಗೋಡೆಗೆ ಒರಗಿಸಿಟ್ಟರೆ ಪಡಸಾಲೆ ಮೊದಲಿನಂತೆಯೇ ಇರುತ್ತದೆ.

ಪ್ಲೈವುಡ್ ಬರುವವರೆಗೆ ಕಾಯುವುದು ಬೇಡ. ಹಾರುವುದನ್ನು ಬಿಟ್ಟು ಉಳಿದದ್ದನ್ನು ಬಂಡೆಯ ಮೇಲೂ ಮಾಡಬಹುದು. ಸಾಕ್ಸ್ ಹಾಕಿಕೊಂಡು ಮಾತ್ರ ಬಂಡೆ ಮೇಲೆ ಬೇಡ, ಜಾರುತ್ತದೆ.

ಬಾರ್, ಕನ್ನಡಿ, ಬಟ್ಟೆ, ಶೂ

ಬಾರ್ ಅಂದರೆ ಕೈ ಇಟ್ಟುಕೊಂಡು ಅಭ್ಯಾಸ ಮಾಡುವ ಅಡ್ಡಪಟ್ಟಿ. ಭುಜ ಮೇಲೇಳದೆ, ಮೊಣಕೈ ಸ್ವಲ್ಪ ಬಾಗಿ, ಕೈ ಹಗುರವಾಗಿ ಕೂರುವ ಎತ್ತರ ಬೇಕು. ಕಿಟಕಿಯ ಅಡ್ಡ ಸರಳು ಆ ಎತ್ತರಕ್ಕಿದ್ದರೆ ಅದೇ ಸಾಕು. ಅಡುಗೆಮನೆ ಕಟ್ಟೆ, ಭಾರದ ಕುರ್ಚಿಯ ಬೆನ್ನು ಕೂಡ ನಡೆಯುತ್ತದೆ. ಸ್ವಂತ ಗೋಡೆಯಾದರೆ ಒಂದೂವರೆ ಇಂಚಿನ ಜಿ.ಐ. ಪೈಪ್‌ಗೆ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಬ್ರಾಕೆಟ್ ಮಾಡಿಸಿ ಹೊಡೆಸಿ. ನೆನಪಿರಲಿ, ಬಾರ್ ಹಿಡಿದು ಜೋತು ಬೀಳುವುದಕ್ಕಲ್ಲ. ಯಾವ ಕ್ಷಣದಲ್ಲಿ ಕೈ ತೆಗೆದರೂ ನೀವು ನಿಂತಿರಬೇಕು.

ಕನ್ನಡಿಗೆ ಬೀರುವಿನ ಕನ್ನಡಿ ಸಾಕು. ಅದಕ್ಕಿಂತ ಮೊಬೈಲ್ ಕ್ಯಾಮೆರಾ ಒಳ್ಳೆಯದು. ಸೊಂಟದ ಎತ್ತರಕ್ಕೆ ಇಟ್ಟು ಒಮ್ಮೆ ಎದುರಿಂದ, ಒಮ್ಮೆ ಪಕ್ಕದಿಂದ ರೆಕಾರ್ಡ್ ಮಾಡಿ.

ಲಿಯೊಟಾರ್ಡ್ (ಈಜುಡುಗೆಯಂತೆ ಮೈಗೆ ಅಂಟುವ ಒಂದೇ ತುಂಡಿನ ಉಡುಪು), ಟೈಟ್ಸ್ ಮೊದಲ ದಿನವೇ ಬೇಕಿಲ್ಲ. ಮೈಗೆ ಅಂಟುವ ಟೀ ಶರ್ಟ್, ಲೆಗ್ಗಿಂಗ್ಸ್ ಸಾಕು. ಮಂಡಿ ಮತ್ತು ಸೊಂಟ ಯಾವ ಕಡೆ ತಿರುಗಿದೆ ಅಂತ ಕಾಣುವಂತಿದ್ದರೆ ಆಯಿತು. ಹುಡುಗರು ಕ್ರೀಡಾ ಸಾಮಗ್ರಿ ಅಂಗಡಿಯ ಸಪೋರ್ಟರ್ ಹಾಕಿಕೊಳ್ಳಲೇಬೇಕು. ಸ್ಟುಡಿಯೋಗೆ ಹೋಗುವ ಹೊತ್ತಿಗೆ ಲಿಯೊಟಾರ್ಡ್ ಬೇಕೆಂದರೆ ಊರಲ್ಲೇ ಹೊಲಿಸಬಹುದು. ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ನಮ್ಮದು, ಹೊಲಿಗೆ ಬಲ್ಲ ಕೈಗಳಿಗೆ ಕೊರತೆಯೇ? ನಾಲ್ಕೂ ಕಡೆ ಹಿಗ್ಗುವ ಲೈಕ್ರಾ ಬಟ್ಟೆ ಕೊಟ್ಟು, ಅಳತೆಗೆ ಒಂದು ಈಜುಡುಗೆ ತೋರಿಸಿದರೆ ಟೈಲರ್‌ಗೆ ಅರ್ಥವಾಗುತ್ತದೆ.

ಮೊದಲ ತಿಂಗಳು ಬರಿಗಾಲು ಸಾಕು. ಆಮೇಲೆ ಕ್ಯಾನ್ವಾಸಿನ ಮೆತ್ತನೆ ಬ್ಯಾಲೆ ಶೂ ತೆಗೆದುಕೊಳ್ಳಿ. ಡೆಕಾತ್ಲಾನ್‌ನಲ್ಲಿ ಸಿಗುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಚರ್ಮದ್ದಕ್ಕಿಂತ ಕ್ಯಾನ್ವಾಸ್ ಒಳ್ಳೆಯದು, ಒಗೆಯಬಹುದು. ಬೆರಳು ಚಾಚಿ ಕೂರಬೇಕು, ಮಡಚಬಾರದು. ಮುಂದೆ ಜಾಗ ಬಿಟ್ಟು ದೊಡ್ಡದನ್ನು ತಗೊಳ್ಳುವ ಅಭ್ಯಾಸ ಇಲ್ಲಿ ಬೇಡ.

ಪಾಯಿಂಟ್ ಶೂ ಮಾತ್ರ ಆನ್‌ಲೈನ್‌ನಲ್ಲಿ ಕೊಳ್ಳಲೇಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೇಗ ಸವೆಯುವ ದುಬಾರಿ ವಸ್ತು ಅದು. ವೃತ್ತಿಪರರು ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮುಗಿಸುವುದುಂಟು. ಪಾದ, ಹೊಟ್ಟೆ, ಬೆನ್ನು ಗಟ್ಟಿಯಾಗದೆ ಅದರಲ್ಲಿ ನಿಂತರೆ ಪಾದದ ಕೀಲು ಉಳುಕುತ್ತದೆ, ಮೂಳೆಗೆ ಪೆಟ್ಟಾಗುತ್ತದೆ. ಕ್ರಮವಾಗಿ ಎರಡು ಮೂರು ವರ್ಷ ಕಲಿತ ಮೇಲೆ, ಗುರು ನೋಡಿ ಹೂಂ ಅಂದಾಗ ಮಾತ್ರ.

ಮೊದಲ ಮೂರು ತಿಂಗಳು: ನಿಧಾನವೇ ಇಲ್ಲಿ ವೇಗ

ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ. ಭಾನುವಾರ ಒಂದೇ ಸಲ ಮೂರು ಗಂಟೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲು ಮೈ ಬಿಸಿ ಮಾಡಿ. ನಡಿಗೆ, ಪಾದದ ಕೀಲು ತಿರುಗಿಸುವುದು, ಕಾಲು ಬೀಸುವುದು, ಹತ್ತು ನಿಮಿಷ. ಬಲವಂತವಾಗಿ ಎಳೆಯುವ ಸ್ಟ್ರೆಚಿಂಗ್ ಕೊನೆಗಿರಲಿ.

ಆಮೇಲೆ ಟರ್ನ್‌ಔಟ್. ಬ್ಯಾಲೆಯಲ್ಲಿ ಕಾಲುಗಳು ಹೊರಕ್ಕೆ ತಿರುಗಿರುತ್ತವೆ. ಆ ತಿರುವು ಪಾದದಿಂದ ಬರುವುದಲ್ಲ, ಮಂಡಿಯಿಂದಲೂ ಅಲ್ಲ. ತೊಡೆ ಮೂಳೆಯ ತಲೆ ಸೊಂಟದ ಕುಳಿಯೊಳಗೆ, ಒರಳಿನಲ್ಲಿ ಗುಂಡು ತಿರುಗಿದ ಹಾಗೆ ತಿರುಗಬೇಕು. ಹೀಗೆ ನೋಡಿ: ಪಾದಗಳನ್ನು ಜೋಡಿಸಿ ನೆಟ್ಟಗೆ ನಿಲ್ಲಿ. ಪೃಷ್ಠದ ಕೆಳಭಾಗದ ಒಳ ಸ್ನಾಯುಗಳಿಂದ ತೊಡೆಗಳನ್ನು ಹೊರಕ್ಕೆ ಸುತ್ತಿ. ಹಿಮ್ಮಡಿ ಅಂಟಿಕೊಂಡಿದ್ದು ಪಾದ ಎಷ್ಟು ತೆರೆಯುತ್ತದೋ ಅದೇ ಇವತ್ತಿನ ನಿಮ್ಮ ಫಸ್ಟ್ ಪೊಸಿಷನ್. ಈಗ ಮಂಡಿ ಬಾಗಿಸಿ. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಒಳಕ್ಕೆ ಬಂದರೆ ನೀವು ಪಾದವನ್ನು ಜಾಸ್ತಿ ತೆರೆದಿದ್ದೀರಿ ಎಂದರ್ಥ, ಕಡಿಮೆ ಮಾಡಿ. ಫೋಟೋದಲ್ಲಿ ಕಾಣುವ 180 ಡಿಗ್ರಿಯ ಗೆರೆಯನ್ನು ಮರೆತುಬಿಡಿ. ಎರಡೂ ಪಾದ ಸೇರಿ 90 ಡಿಗ್ರಿ ತೆರೆದು ಅದನ್ನು ಸರಿಯಾಗಿ ಹಿಡಿದಿಟ್ಟುಕೊಂಡರೆ ಶುರುವಿಗೆ ಬೇಕಾದಷ್ಟಾಯಿತು. ಮಂಡಿಯ ಒಳಪಕ್ಕದ ನೋವು ಈ ಒಂದು ತಪ್ಪಿನಿಂದಲೇ ಜಾಸ್ತಿ ಬರುವುದು.

ಭರತನಾಟ್ಯ ಕಲಿತವರಿಗೆ ಇಲ್ಲಿ ಒಂದು ಲಾಭವಿದೆ, ಒಂದು ತೊಡಕೂ ಇದೆ. ಅರಮಂಡಿಯಿಂದ ತೊಡೆ ಆಗಲೇ ಹೊರಕ್ಕೆ ತಿರುಗಲು ಕಲಿತಿರುತ್ತದೆ, ಸೊಂಟದ ಬಲವೂ ಇರುತ್ತದೆ. ಆದರೆ ಅರಮಂಡಿಯಲ್ಲಿ ಕುಳಿತು ನಿಲ್ಲುತ್ತೇವೆ, ನೆಲ ತಟ್ಟುತ್ತೇವೆ. ಬ್ಯಾಲೆಯ ಪ್ಲಿಯೇ, ಅಂದರೆ ಮಂಡಿ ಬಾಗಿಸುವ ಚಲನೆ, ನಿಲ್ಲುವುದೇ ಇಲ್ಲ. ಕೆಳಗೆ ಹೋಗುವಾಗಲೂ ಬೆನ್ನು ಮೇಲಕ್ಕೆ ಬೆಳೆಯುತ್ತಿರಬೇಕು, ತಳ ಮುಟ್ಟಿದ ಕೂಡಲೇ ಏಳಬೇಕು. ಹಾರಿ ಇಳಿದಾಗ ಸದ್ದು ಬರಬಾರದು. ಬೆರಳು, ಮುಂಗಾಲು, ಹಿಮ್ಮಡಿ ಈ ಕ್ರಮದಲ್ಲಿ ಇಳಿದು ಪ್ಲಿಯೇಗೆ ಹೋಗಬೇಕು. ತಾಳ ಬಲ್ಲವರಿಗೆ ಸಂಗೀತ ಸುಲಭ. ಹೆಚ್ಚಿನದೆಲ್ಲ ಮೂರರ ಅಥವಾ ನಾಲ್ಕರ ಎಣಿಕೆ.

ಬಾರ್ ಅಭ್ಯಾಸದ ಸಾಮಾನ್ಯ ಕ್ರಮ ಹೀಗೆ: ಪ್ಲಿಯೇ, ತಾಂದ್ಯೂ, ದೆಗಾಜೆ, ರಾನ್ ದ ಜಾಂಬ್, ಫಾಂದ್ಯೂ, ಫ್ರಾಪೆ, ದೆವಲಪೆ, ಗ್ರಾಂ ಬಾತ್ಮಾಂ. ಸಣ್ಣ ಚಲನೆಯಿಂದ ದೊಡ್ಡದಕ್ಕೆ, ನೆಲದಿಂದ ಗಾಳಿಗೆ. ಮೊದಲ ತಿಂಗಳು ನಿಮಗೆ ಬೇಕಾದದ್ದು ಮೊದಲಿನ ಎರಡು ಮಾತ್ರ. ಬಾರ್‌ಗೆ ಮುಖ ಮಾಡಿ, ಎರಡೂ ಕೈ ಇಟ್ಟು ಮಾಡಿ.

ಪ್ಲಿಯೇಯಲ್ಲಿ ಅರ್ಧ ಬಾಗುವಾಗ ಹಿಮ್ಮಡಿ ನೆಲ ಬಿಡಬಾರದು. ಪೂರ್ತಿ ಬಾಗುವಾಗ ಏಳುತ್ತದೆ, ಪಾದಗಳನ್ನು ಅಗಲಿಸಿ ನಿಲ್ಲುವ ಸೆಕೆಂಡ್ ಪೊಸಿಷನ್ ಒಂದನ್ನು ಬಿಟ್ಟು. ತಾಂದ್ಯೂ ಅಂದರೆ ಕಾಲನ್ನು ನೆಲ ಉಜ್ಜುತ್ತಾ ಚಾಚುವುದು. ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಮುಂಗಾಲು, ಕೊನೆಗೆ ಬೆರಳ ತುದಿ ಮಾತ್ರ ನೆಲದಲ್ಲಿ. ಬರುವಾಗ ಅದೇ ದಾರಿ ಹಿಂದುಮುಂದಾಗಿ. ಮುಂದೆ, ಪಕ್ಕ, ಹಿಂದೆ, ಮತ್ತೆ ಪಕ್ಕ. ನಿಂತ ಕಾಲಿನ ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರರ ಮೇಲೂ ಭಾರ ಸಮನಾಗಿರಲಿ. ಇದು ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮುಂದಿನ ಪ್ರತಿ ಜಿಗಿತ, ಪ್ರತಿ ಸುತ್ತು ಈ ಪಾದದ ಕೆಲಸದ ಮೇಲೆಯೇ ನಿಲ್ಲುತ್ತದೆ. ದೊಡ್ಡ ಕಂಪನಿಗಳ ಕಲಾವಿದರೂ ದಿನವೂ ಇಲ್ಲಿಂದಲೇ ಶುರು ಮಾಡುತ್ತಾರೆ. ಇದನ್ನು ನೋಡಲು ವರ್ಲ್ಡ್ ಬ್ಯಾಲೆ ಡೇ ವಿಡಿಯೋಗಳನ್ನು ಹಾಕಿ. 2014ರಿಂದ ದೊಡ್ಡ ಕಂಪನಿಗಳು ತಮ್ಮ ತರಗತಿಯನ್ನೇ ನೇರ ಪ್ರಸಾರ ಮಾಡುತ್ತಿವೆ, ಖರ್ಚಿಲ್ಲ.

ಎರಡನೇ ತಿಂಗಳು ದೆಗಾಜೆ (ತಾಂದ್ಯೂ ಥರವೇ, ಆದರೆ ಬೆರಳ ತುದಿ ನೆಲದಿಂದ ಸ್ವಲ್ಪ ಏಳುತ್ತದೆ), ರಾನ್ ದ ಜಾಂಬ್ (ಚಾಚಿದ ಕಾಲಿನಿಂದ ಅರ್ಧ ವೃತ್ತ ಬರೆಯುವುದು) ಸೇರಿಸಿ. ಮೂರನೇ ತಿಂಗಳು ಒಂದು ಕೈ ಬಾರ್‌ನಲ್ಲಿಟ್ಟು ಮಾಡಿ, ರೆಲವೇ ಸೇರಿಸಿ. ರೆಲವೇ ಅಂದರೆ ಮುಂಗಾಲಿನ ಮೇಲೆ ಏಳುವುದು. ಜೊತೆಗೆ ಪಾದಕ್ಕೆ ದಿನವೂ ಹತ್ತು ನಿಮಿಷ: ವ್ಯಾಯಾಮದ ರಬ್ಬರ್ ಪಟ್ಟಿ ಸಿಕ್ಕಿಸಿ ಪಾದ ಚಾಚುವುದು, ನೆಲದ ಮೇಲಿನ ಟವೆಲನ್ನು ಬೆರಳಿನಿಂದ ಎಳೆಯುವುದು, ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಈ ಕೊನೆಯದನ್ನು ಅಲುಗದೆ ಇಪ್ಪತ್ತರಿಂದ ಇಪ್ಪತ್ತೈದು ಸಲ ಮಾಡಲು ಬಂದರೆ ಪಾದ ಗಟ್ಟಿಯಾಗುತ್ತಿದೆ ಎಂದರ್ಥ.

ವಿಡಿಯೋ ನೋಡಿ ಕಲಿಯುವಾಗ ಒಂದೇ ಪದ್ಧತಿ ಹಿಡಿದುಕೊಳ್ಳಿ. ವಾಗನೋವಾ, ಚೆಕೆಟ್ಟಿ, ರಾಯಲ್ ಅಕಾಡೆಮಿ ಆಫ್ ಡಾನ್ಸ್, ಒಂದೊಂದರಲ್ಲೂ ಕೈಯ ಸ್ಥಾನಗಳ ಎಣಿಕೆ ಬೇರೆ. ಒಬ್ಬರು ದೆಗಾಜೆ ಅಂದದ್ದನ್ನು ಇನ್ನೊಬ್ಬರು ಗ್ಲಿಸೇ ಅನ್ನುತ್ತಾರೆ. ಕಲಸಿಕೊಂಡರೆ ತಲೆ ಕೆಡುತ್ತದೆ. ನೀವು ಯಾವ ಗುರುವಿನ ಬಳಿ ಹೋಗಲಿದ್ದೀರೋ ಅವರ ಪದ್ಧತಿಯನ್ನೇ ಆರಿಸಿ.

ಗುರುವನ್ನು ಹುಡುಕುವುದು

ಮೂರು ತಿಂಗಳು ಮುಗಿಯುವವರೆಗೂ ಕಾಯಬೇಡಿ. ಆರನೇ ವಾರದೊಳಗೆ ಒಬ್ಬ ಗುರು ನಿಮ್ಮನ್ನು ನೋಡಲಿ. ತಪ್ಪು ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ.

ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಕಟ್ಟಿದ ಲೂಯಿಸ್ ಫೌಂಡೇಷನ್ ಆಫ್ ಕ್ಲಾಸಿಕಲ್ ಬ್ಯಾಲೆ ಹೆಸರಾದದ್ದು. ಸಮಕಾಲೀನ ನೃತ್ಯದ ಕಡೆ ಒಲವಿದ್ದರೆ 1992ರಲ್ಲಿ ಶುರುವಾದ ಅಟ್ಟಕ್ಕಲರಿ ನೃತ್ಯ ಸಂಸ್ಥೆಯ ತರಬೇತಿಯಲ್ಲಿ ಬ್ಯಾಲೆಯೂ ಒಂದು ಭಾಗ. ಚಿಕ್ಕ ಸ್ಟುಡಿಯೋಗಳೂ ಇವೆ. ಹೊರಡುವ ಮುನ್ನ ಫೋನ್ ಮಾಡಿ ವಯಸ್ಕ ಆರಂಭಿಕರ ತರಗತಿ ಈಗ ಇದೆಯೇ, ಒಂದೇ ತರಗತಿಗೆ ದುಡ್ಡು ಕೊಟ್ಟು ಬರಬಹುದೇ ಕೇಳಿ. ರಾಯಚೂರಿನವರು ಹೈದರಾಬಾದಿನಲ್ಲಿ ಹುಡುಕುವುದು ಲೇಸು, ಅದೇ ಹತ್ತಿರ.

ಗುರುವಿಗೆ ಕೇಳಬೇಕಾದ ಪ್ರಶ್ನೆಗಳಿವು. ನೀವು ಎಲ್ಲಿ, ಯಾರ ಬಳಿ, ಯಾವ ಪದ್ಧತಿಯಲ್ಲಿ ಕಲಿತಿರಿ ಮೇಡಂ? ಒಂದು ತರಗತಿಯಲ್ಲಿ ಎಷ್ಟು ಜನ? ನೆಲ ಯಾವುದು? ಒಳ್ಳೆಯ ಗುರು ಬೇಸರವಿಲ್ಲದೆ ಉತ್ತರಿಸುತ್ತಾರೆ. ಆರು ತಿಂಗಳಲ್ಲಿ ಪಾಯಿಂಟ್ ಶೂ ಹಾಕಿಸುತ್ತೇವೆ ಅನ್ನುವ ಕಡೆ ಸೇರಬೇಡಿ. ತರಗತಿಯಲ್ಲಿ ಒಂದು ಗಂಟೆ ಕಳೆದರೂ ಯಾರೂ ನಿಮ್ಮ ಮಂಡಿಯನ್ನೋ ಸೊಂಟವನ್ನೋ ತಿದ್ದಲಿಲ್ಲ ಅಂದರೆ ಅಲ್ಲಿ ದುಡ್ಡು ಹಾಕಿ ಫಲವಿಲ್ಲ.

ಪ್ರಯಾಣಕ್ಕೆ ಹಂಪಿ ಎಕ್ಸ್‌ಪ್ರೆಸ್ ಇದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಲ್ಲಿ ರಾತ್ರಿ ಸ್ಲೀಪರ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು. ಅದೇ ರಾತ್ರಿ ವಾಪಸ್ ಹೊರಟರೆ ಲಾಡ್ಜ್ ಖರ್ಚಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ನಡೆಯುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಆದರೆ ರಾತ್ರಿಯೆಲ್ಲ ಕುಳಿತು ಹೋದ ಮೈಯಲ್ಲಿ ನೇರ ತರಗತಿಗೆ ಇಳಿಯಬೇಡಿ. ಎರಡು ಗಂಟೆ ಮೊದಲೇ ತಲುಪಿ, ತಿಂಡಿ ತಿಂದು, ನಡೆದಾಡಿ.

ತಿಂಗಳಿಗೊಮ್ಮೆ ಹೋಗಿ, ಹೋದ ದಿನ ಎರಡು ತರಗತಿ ಸಿಗುವಂತೆ ನೋಡಿಕೊಳ್ಳಿ. ನಡುವಿನ ವಾರಗಳಲ್ಲಿ ಅದೇ ಗುರುವಿನ ಬಳಿ ಆನ್‌ಲೈನ್‌ನಲ್ಲಿ ಅರ್ಧ ಗಂಟೆ ಕೇಳಿ. ಗುರು ಒಪ್ಪಿದರೆ ನಿಮ್ಮ ವಿಡಿಯೋ ಕಳಿಸಿ ತಿದ್ದಿಸಿಕೊಳ್ಳಿ, ಅದಕ್ಕೂ ಶುಲ್ಕ ಕೊಡಿ. ಪ್ರತಿ ತಿದ್ದುಪಡಿಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲದವರೆಗೆ ಅದರ ಮೇಲೇ ಕೆಲಸ ಮಾಡಿ. ಹೋದ ಸಲ ಹೇಳಿದ್ದನ್ನು ಸರಿ ಮಾಡಿಕೊಂಡು ಬಂದ ವಿದ್ಯಾರ್ಥಿಯನ್ನು ಯಾವ ಗುರುವೂ ಮರೆಯುವುದಿಲ್ಲ. ರಿಯಾಯಿತಿ ಕೇಳುವ ಹೊತ್ತು ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಅದೇ.

ಹತ್ತು ರೂಪಾಯಿ ಇದ್ದರೆ ಏಳು ಗುರುವಿಗೆ, ಎರಡು ಪ್ರಯಾಣಕ್ಕೆ, ಒಂದು ಉಳಿದದ್ದಕ್ಕೆ. ರಿಯಾಯಿತಿ ಕೇಳಲು ನಾಚಬೇಡಿ. ಸ್ಟುಡಿಯೋ ಕೆಲಸ, ಮಕ್ಕಳ ತರಗತಿಯಲ್ಲಿ ಸಹಾಯ, ಕಾರ್ಯಕ್ರಮದ ದಿನ ಓಡಾಟ, ಏನು ಮಾಡಬಲ್ಲಿರಿ ಅಂತ ಜೊತೆಗೇ ಹೇಳಿ. ಹುಡುಗರು ಕಡಿಮೆ ಇರುವುದರಿಂದ ಅವರಿಗೆ ಶುಲ್ಕ ತಗ್ಗಿಸುವ ಶಾಲೆಗಳೂ ಇವೆ. ಭರತನಾಟ್ಯವನ್ನೋ ಜನಪದವನ್ನೋ ಐದು ವರ್ಷ ಗುರುವಿನ ಬಳಿ ಕಲಿತವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ವಯಸ್ಸು 18ರಿಂದ 25, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದು ಭಾರತೀಯ ಕಲೆಗಳಿಗೆ. ಆ ಕಲೆಯ ಶುಲ್ಕದ ಭಾರ ಇಳಿದರೆ ನಿಮ್ಮ ಸ್ವಂತ ದುಡ್ಡು ಬ್ಯಾಲೆಗೆ ಉಳಿಯುತ್ತದೆ, ಅಲ್ವಾ?

ಬಿಸಿಲು, ಊಟ, ನೋವು

ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಬೆಳಿಗ್ಗೆ ಏಳರೊಳಗೆ ಅಭ್ಯಾಸ ಮುಗಿಸಿ. ಸೆಕೆಗೆ ಮೈ ಸಡಿಲವಾಗಿ ಇನ್ನೂ ಬಾಗಬಹುದು ಅನ್ನಿಸುತ್ತದೆ, ಅಲ್ಲೇ ಸ್ನಾಯು ಹರಿಯುವುದು. ನೀರಿನ ಜೊತೆ ಉಪ್ಪು ಸಕ್ಕರೆಯೂ ಬೇಕು.

ಸಣ್ಣಗಾಗಬೇಕು ಅಂತ ಉಪವಾಸ ಬೀಳಬೇಡಿ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇದಕ್ಕಿಂತ ಒಳ್ಳೆಯ ಊಟ ಯಾವ ನರ್ತಕಿಗೂ ಬೇಕಿಲ್ಲ. ಹುಡುಗಿಯರಿಗೆ ಮೂರು ತಿಂಗಳು ಮುಟ್ಟು ನಿಂತರೆ ಅಭ್ಯಾಸಕ್ಕೆ ತಕ್ಕ ಊಟ ಸಾಲುತ್ತಿಲ್ಲದಿರಬಹುದು. ವೈದ್ಯರ ಬಳಿ ಹೋಗಿ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ.

ಸ್ನಾಯುವೆಲ್ಲ ಹರಡಿ ನೋಯುವುದು ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಊತ, ರಾತ್ರಿ ಮಲಗಿದಾಗಲೂ ಬಿಡದ ಎಲುಬಿನ ನೋವು ಬೇರೆ. ಅದಕ್ಕೆ ಎಣ್ಣೆ ತಿಕ್ಕಿ ಮುಂದುವರಿಸಬೇಡಿ. ವಿಮ್ಸ್ ಅಂತ ನಾವೆಲ್ಲ ಕರೆಯುವ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ನೃತ್ಯ ಅಂತಷ್ಟೇ ಹೇಳದೆ ದಿನಕ್ಕೆ ಎಷ್ಟು ಹೊತ್ತು, ಯಾವ ನೆಲ, ಯಾವ ಚಲನೆಯಲ್ಲಿ ನೋವು ಅಂತ ವಿವರಿಸಿ.

ವರ್ಷ ತುಂಬಿದ ಮೇಲೆ

ಈಗ ಬಾರ್ ಬಿಟ್ಟು ನಡುಮನೆಯಲ್ಲಿ ನಿಲ್ಲುತ್ತೀರಿ. ಪ್ಲೈವುಡ್ ಮೇಲೆ ಸಣ್ಣ ಜಿಗಿತ, ಗುರುವಿನ ಎದುರು ಪಿರುಎಟ್, ಅಂದರೆ ಒಂಟಿ ಕಾಲಿನ ಮೇಲೆ ಸುತ್ತುವುದು. ಪರೀಕ್ಷೆ ಬೇಕೆಂದರೆ 1920ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಪರೀಕ್ಷೆಗಳು ಭಾರತದಲ್ಲೂ ನಡೆಯುತ್ತವೆ. ಇಂಟರ್‌ಮೀಡಿಯೆಟ್ ಫೌಂಡೇಷನ್‌ನಿಂದ ಮೇಲಿನ ಹಂತಗಳಿಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಮುಂದೆ ಕಲಿಸುವ ಆಸೆ ಇದ್ದವರಿಗೆ ಈ ಪ್ರಮಾಣಪತ್ರ ಉಪಯೋಗ. ತಮಗಾಗಿ ಕಲಿಯುವವರು ಆ ಶುಲ್ಕವನ್ನು ಇನ್ನಷ್ಟು ತರಗತಿಗೆ ಹಾಕಲಿ.

ಹೆಚ್ಚಿನ ತರಬೇತಿಗೆ ಅರ್ಜಿ ಹಾಕುವುದಾದರೆ ವಿಡಿಯೋ ಬೇಕಾಗುತ್ತದೆ. ಹಗಲು ಬೆಳಕಿನಲ್ಲಿ, ಖಾಲಿ ಗೋಡೆಯ ಎದುರು, ಪಾದದಿಂದ ತಲೆಯವರೆಗೆ ಕಾಣುವಂತೆ, ಕತ್ತರಿಸದೆ ತೆಗೆಯಿರಿ. ಪ್ಲಿಯೇ ಮತ್ತು ತಾಂದ್ಯೂ ಎರಡೂ ಕಡೆಯಿಂದ, ಒಂದು ಅದಾಜಿಯೋ (ನಿಧಾನ ಚಲನೆಗಳ ಜೋಡಣೆ), ಒಂದಿಷ್ಟು ಜಿಗಿತ ಇರಲಿ. ಬಾರದ ಕಷ್ಟದ ಸುತ್ತುಗಳನ್ನು ತೋರಿಸಲು ಹೋಗಬೇಡಿ. ಪತ್ರದಲ್ಲಿ ಬಡತನದ ಕತೆ ಎರಡು ಸಾಲು ಸಾಕು. ಯಾವಾಗ ಶುರು ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ, ಯಾರು ತಿದ್ದುತ್ತಿದ್ದಾರೆ, ಶುಲ್ಕದಲ್ಲಿ ನಿಮ್ಮಿಂದ ಎಷ್ಟು ಆಗುತ್ತದೆ, ಎಷ್ಟು ನೆರವು ಬೇಕು, ಇವನ್ನು ಅಂಕಿಗಳಲ್ಲೇ ಬರೆಯಿರಿ. ಜನರಿಂದ ದೇಣಿಗೆ ಕೇಳುವುದಿದ್ದರೆ ಸೀಟು ಖಚಿತವಾದ ಪತ್ರ ಕೈಗೆ ಬಂದ ಮೇಲೆ ಕೇಳಿ. ಆ ಪತ್ರವನ್ನೂ ಶುಲ್ಕದ ಪಟ್ಟಿಯನ್ನೂ ಜೊತೆಗಿಡಿ.